ಕಿತ್ತೂರಿನ ದತ್ತಕ: ಕಾನೂನು ಗ್ರಂಥಾಲಯದಲ್ಲಿ ಹುಡುಕುವುದೆಲ್ಲಿ?

ಕಿತ್ತೂರಿನ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಪ್ರತಿವರ್ಷ ಅಕ್ಟೋಬರ್ 23 ಬಂತೆಂದರೆ ಕೋಟೆಯ ಬಯಲಿನಲ್ಲಿ ಉತ್ಸವ ನಡೆಯುತ್ತದೆ. ಚನ್ನಮ್ಮನ ಧೈರ್ಯ, ಥ್ಯಾಕರೆಯ ಸಾವು, ಸಂಗೊಳ್ಳಿ ರಾಯಣ್ಣನ ಹೋರಾಟ ಮತ್ತೆ ಮತ್ತೆ ನೆನಪಾಗುತ್ತವೆ. ಆದರೆ ಈ ಯುದ್ಧದ ಬುಡದಲ್ಲಿದ್ದುದು ಒಂದು ಕಾನೂನಿನ ಪ್ರಶ್ನೆ. ಮಕ್ಕಳಿಲ್ಲದೆ ಸತ್ತವನ ಮನೆಗೆ ದತ್ತಕ ತೆಗೆದುಕೊಳ್ಳುವ ಅಧಿಕಾರ ಯಾರದು? ಆ ದತ್ತಕವನ್ನು ಒಪ್ಪುವ ಅಥವಾ ತಳ್ಳಿಹಾಕುವ ಹಕ್ಕು ಯಾರದು?

ಈ ಪ್ರಶ್ನೆಗೆ ಉತ್ತರ ಸಿಗುವುದು ಕೋಟೆಯ ಕಲ್ಲುಗಳಲ್ಲಲ್ಲ, ಕಾನೂನು ಗ್ರಂಥಾಲಯದ ಕಪಾಟುಗಳಲ್ಲಿ. ಒಂದು ಕಾಲದಲ್ಲಿ ಅಂಥ ಕಪಾಟುಗಳಿದ್ದುದು ಮುಂಬಯಿ, ಪುಣೆ, ಲಂಡನ್ನುಗಳಲ್ಲಿ. ಬೈಲಹೊಂಗಲದ ವಕೀಲರಾಗಲಿ, ಸವದತ್ತಿಯ ಕಾಲೇಜು ಅಧ್ಯಾಪಕರಾಗಲಿ ಅಲ್ಲಿಯವರೆಗೆ ಹೋಗಿ ವಾರಗಟ್ಟಲೆ ಕುಳಿತು ಓದುವುದು ಸುಲಭದ ಮಾತಾಗಿರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಈ ಸ್ಥಿತಿ ಬದಲಾಗಿದೆ. ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭವಾಯಿತು. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಬೆಳಗಾವಿಯಲ್ಲಿ 1939ರಿಂದಲೇ ರಾಜಾ ಲಖಮಗೌಡ ಕಾನೂನು ಕಾಲೇಜು ಇದೆ. ಇವುಗಳ ಜೊತೆಗೆ ಗಣಕಯಂತ್ರದ ಮೂಲಕ ತೆರೆದುಕೊಂಡ ಹೊಸ ಸಂಗ್ರಹಗಳು ಸೇರಿ, ಕಿತ್ತೂರು ನಾಡಿನ ಕಾನೂನು ಚರಿತ್ರೆಯನ್ನು ಕಿತ್ತೂರು ನಾಡಿನಲ್ಲೇ ಕುಳಿತು ಓದುವ ದಿನ ಹತ್ತಿರ ಬಂದಿದೆ.

ನಡೆದದ್ದೇನು?

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಕಿತ್ತೂರು ದೇಸಗತಿಯನ್ನು ಈಸ್ಟ್ ಇಂಡಿಯಾ ಕುಂಪಣಿ ಮಾನ್ಯಮಾಡಿ ಮುಂದುವರಿಸಿತು. ಮಲ್ಲಸರ್ಜ ದೇಸಾಯಿ 1816ರಲ್ಲೇ ತೀರಿಕೊಂಡಿದ್ದ. ಆತನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಮನೆತನದ ಬಾಲಕನನ್ನು ದತ್ತಕ ತೆಗೆದುಕೊಂಡಿರುವುದಾಗಿ ಅರಮನೆಯವರು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ತಿಳಿಸಿದರು. ದೇಸಾಯಿಯ ಸಹಿ ನಿಜವೇ, ದತ್ತಕ ಆತನ ಜೀವಿತಕಾಲದಲ್ಲೇ ನಡೆಯಿತೇ ಎಂದು ಥ್ಯಾಕರೆ ಸಂಶಯಪಟ್ಟ. ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿನ ಖಜಾನೆಗೆ ಕಾವಲು ಹಾಕಲು ಮುಂದಾದ.

ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಮಲ್ಲಸರ್ಜನ ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ನಿಧನಳಾದಳು. ದತ್ತಕದ ಪಕ್ಷ ಹಿಡಿದು ಹೋರಾಟ ಮುಂದುವರಿಸಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಕಿತ್ತೂರಿನಲ್ಲಿ ಸೆರೆಸಿಕ್ಕ ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೂ ಇದ್ದ. ಮುಂದೆ ಇದೇ ಎಲಿಯಟ್ ಕನ್ನಡ ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ. ಆ ಶಾಸನಗಳಲ್ಲಿ ಬಹುಪಾಲು ಭೂಮಿಯನ್ನು ದಾನ ಕೊಟ್ಟ, ತೆರಿಗೆ ಬಿಟ್ಟ, ಗಡಿ ಗುರುತಿಸಿದ ಪತ್ರಗಳೇ. ಸವದತ್ತಿಯಿಂದ ಆಳಿದ ರಟ್ಟರ ಶಾಸನಗಳೂ ಇದೇ ಬಗೆಯವು. ಒಂದರ್ಥದಲ್ಲಿ ಈ ನಾಡಿನ ಮೊದಲ ಕಾನೂನು ಗ್ರಂಥಾಲಯ ಕಲ್ಲಿನ ಮೇಲೆ ಇತ್ತು.

ಶಾಸ್ತ್ರ ಏನು ಹೇಳುತ್ತಿತ್ತು?

ಕಾನೂನು ಗ್ರಂಥಾಲಯದ ಹಿಂದೂ ಕಾನೂನಿನ ಕಪಾಟಿನಲ್ಲಿ ಮೊದಲು ಕಾಣುವ ಹೆಸರು ‘ಮಿತಾಕ್ಷರಾ’. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಈ ಗ್ರಂಥ ಬಂಗಾಳವೊಂದನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಕ್ಕಿಗೆ ಆಧಾರವಾಯಿತು. ಇದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ದತ್ತಕದ ವಿಷಯಕ್ಕೇ ಮೀಸಲಾದದ್ದು ನಂದಪಂಡಿತನ ‘ದತ್ತಕ ಮೀಮಾಂಸಾ’. ಗಜೇಂದ್ರಗಡದ ಮನೆತನದವರಾಗಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕೆಲಕಾಲ ಓದಿ, 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ.ಬಿ. ಗಜೇಂದ್ರಗಡಕರ್ ಈ ಗ್ರಂಥವನ್ನು ಸಂಪಾದಿಸಿದವರಲ್ಲಿ ಒಬ್ಬರು.

ದತ್ತಕದ ಚರ್ಚೆಯೆಲ್ಲ ವಸಿಷ್ಠನ ಒಂದು ಸೂತ್ರದ ಸುತ್ತ ಸುತ್ತುತ್ತದೆ. ಗಂಡನ ಅನುಮತಿಯಿಲ್ಲದೆ ಹೆಂಗಸು ಮಗನನ್ನು ಕೊಡಲೂ ಬಾರದು, ತೆಗೆದುಕೊಳ್ಳಲೂ ಬಾರದು ಎಂಬುದು ಅದರ ತಾತ್ಪರ್ಯ. ಹಾಗಾದರೆ ಗಂಡ ಸತ್ತ ಮೇಲೆ ಏನು? ಮಿಥಿಲೆಯ ಪಂಡಿತರು ವಿಧವೆಗೆ ದತ್ತಕದ ಅಧಿಕಾರವೇ ಇಲ್ಲವೆಂದರು. ಬಂಗಾಳದವರು ಗಂಡ ಬದುಕಿದ್ದಾಗ ಅನುಮತಿ ಕೊಟ್ಟಿದ್ದರೆ ಆಗಬಹುದೆಂದರು. ದ್ರಾವಿಡ ದೇಶದಲ್ಲಿ ಗಂಡನ ಅನುಮತಿ ಇಲ್ಲದಿದ್ದರೂ ಆತನ ದಾಯಾದಿಗಳ ಸಮ್ಮತಿ ಸಾಕೆಂದರು. ಮಹಾರಾಷ್ಟ್ರದ ನಿಬಂಧಕಾರರು ಇನ್ನೂ ಮುಂದೆ ಹೋಗಿ, ಈ ಸೂತ್ರ ಗಂಡ ಬದುಕಿರುವಾಗಿನ ಮಾತು ಮಾತ್ರ, ವಿಧವೆ ತಾನಾಗಿಯೇ ದತ್ತಕ ತೆಗೆದುಕೊಳ್ಳಬಹುದು ಎಂದರು. ಸೂತ್ರ ಒಂದೇ, ಅರ್ಥ ನಾಲ್ಕು.

ಮಧುರೆಯ ಕಲೆಕ್ಟರ್ ಮತ್ತು ಮುತ್ತು ರಾಮಲಿಂಗ ಸೇತುಪತಿ ನಡುವಿನ ರಾಮನಾಡಿನ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ 1868ರಲ್ಲಿ ಈ ನಾಲ್ಕೂ ಮತಗಳನ್ನು ಪರಿಶೀಲಿಸಿತು. ಸ್ಪಷ್ಟವಾಗಿ ರುಜುವಾತಾದ ರೂಢಿಯು ಬರೆದ ಶಾಸ್ತ್ರವಚನಕ್ಕಿಂತ ಹೆಚ್ಚು ತೂಗುತ್ತದೆ ಎಂಬ ತತ್ವ ನೆಲೆಗೊಂಡದ್ದು ಈ ತೀರ್ಪಿನಿಂದ. ಅದೇ ವರ್ಷ ರಖಮಾಬಾಯಿ ಮತ್ತು ರಾಧಾಬಾಯಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಮಹಾರಾಷ್ಟ್ರ ಮತದಂತೆ ವಿಧವೆಯ ಅಧಿಕಾರವನ್ನು ಎತ್ತಿಹಿಡಿಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳು ಆ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದುದರಿಂದ ಆ ತೀರ್ಪುಗಳೇ ಇಲ್ಲಿಯ ಮನೆತನಗಳಿಗೂ ಅಳತೆಗೋಲಾದವು.

ಇದನ್ನು ಓದಿದ ಮೇಲೆ ಥ್ಯಾಕರೆಯ ಸಂಶಯವನ್ನು ಬೇರೆ ರೀತಿಯಲ್ಲಿ ನೋಡಬಹುದು. ಗಂಡನ ಸಹಿ ಇಲ್ಲದೆಯೂ ವಿಧವೆ ದತ್ತಕ ತೆಗೆದುಕೊಳ್ಳಬಹುದಾದರೆ, ಸಹಿ ನಿಜವೋ ಸುಳ್ಳೋ ಎಂಬ ಜಗಳಕ್ಕೆ ಮನೆತನದ ಆಸ್ತಿಯ ಮಟ್ಟಿಗೆ ಅಷ್ಟು ಮಹತ್ವ ಉಳಿಯುವುದಿಲ್ಲ. ಶಿವಲಿಂಗರುದ್ರಸರ್ಜನ ವಿಧವೆ ವೀರವ್ವ ಇದ್ದಳು. 44 ವರ್ಷಗಳ ನಂತರ ಹೈಕೋರ್ಟು ಒಪ್ಪಿದ ನಿಯಮವನ್ನು 1824ರಲ್ಲೇ ಕೇಳಿದ್ದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತಿತ್ತು.

ಮನೆಯ ಹಕ್ಕು, ಗಾದಿಯ ಹಕ್ಕು

ಆದರೆ ಕುಂಪಣಿಯ ವಾದಕ್ಕೆ ಇನ್ನೊಂದು ಮಗ್ಗುಲಿತ್ತು. ದತ್ತಕ ಪುತ್ರ ಮನೆಗೆ ಮಗನಾಗಬಹುದು, ತರ್ಪಣ ಬಿಡಬಹುದು, ಸ್ವಂತ ಆಸ್ತಿಗೆ ವಾರಸುದಾರನಾಗಬಹುದು. ಆದರೆ ಸರಕಾರ ಸನದಿನ ಮೂಲಕ ಕೊಟ್ಟ ಗಾದಿಗೆ ಆತ ಬರಬೇಕಾದರೆ ಸರಕಾರದ ಮಂಜೂರಾತಿ ಬೇಕು ಎಂಬುದು ಆ ವಾದ. ಕಿತ್ತೂರಿನ ಚರ್ಚೆಯಲ್ಲಿ ಈ ಎರಡು ಹಕ್ಕುಗಳು ಬೆರೆತುಹೋಗಿವೆ. ಕಾನೂನಿನ ವಿದ್ಯಾರ್ಥಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ದತ್ತಕವನ್ನು ಒಪ್ಪದೆ ಸಂಸ್ಥಾನ ನುಂಗುವ ನೀತಿಯನ್ನು ಸಾಮಾನ್ಯವಾಗಿ ಡಾಲ್‌ಹೌಸಿಯ ಹೆಸರಿಗೆ ಹಚ್ಚಲಾಗುತ್ತದೆ. ಆತ ಗವರ್ನರ್ ಜನರಲ್ ಆಗಿದ್ದುದು 1848ರಿಂದ 1856ರವರೆಗೆ. ಸಾತಾರಾ ಹೋದದ್ದು 1848ರಲ್ಲಿ. ಕಿತ್ತೂರಿನ ಘಟನೆ ಅದಕ್ಕಿಂತ 24 ವರ್ಷ ಹಿಂದಿನದು. ಅಂದರೆ ಡಾಲ್‌ಹೌಸಿ ಹೊಸ ನೀತಿಯನ್ನು ಹುಟ್ಟಿಸಿದ್ದಕ್ಕಿಂತ ಹೆಚ್ಚಾಗಿ, ಹಿಂದೆಯೇ ಅಲ್ಲಲ್ಲಿ ನಡೆದದ್ದನ್ನು ಕಟ್ಟುನಿಟ್ಟಾದ ನಿಯಮವಾಗಿ ಮಾಡಿದ.

ಕಿತ್ತೂರಿನ ನೆರೆಯಲ್ಲೇ ಇದರ ಎರಡನೆಯ ಅಧ್ಯಾಯ ನಡೆಯಿತು. ನರಗುಂದ ಮತ್ತು ರಾಮದುರ್ಗ ಒಂದೇ ಭಾವೆ ಮನೆತನದ ಎರಡು ಕವಲುಗಳು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ದತ್ತಕಕ್ಕೆ ಅನುಮತಿ ಕೇಳಿದಾಗ ಸರಕಾರ ನಿರಾಕರಿಸಿತು. 1858ರ ಮೇ ತಿಂಗಳಲ್ಲಿ ರಾಮದುರ್ಗದ ಕಡೆಯಿಂದ ಹೊರಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ಇಂದು ರಾಮದುರ್ಗ ತಾಲ್ಲೂಕಿನಲ್ಲಿರುವ ಸುರೇಬಾನದಲ್ಲಿ ಕೊಲೆಯಾದ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಅನಂತರ ಕ್ಯಾನಿಂಗ್ ಕಾಲದಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಡುವ ನೀತಿ ಬಂತು. ರಾಮದುರ್ಗದ ಮನೆತನವೂ ದತ್ತಕದ ಸನದು ಪಡೆಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತಕವನ್ನು ಬ್ರಿಟಿಷರು 1867ರಲ್ಲಿ ಮಾನ್ಯಮಾಡಿದ್ದರಿಂದಲೇ 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿತು. ಕಿತ್ತೂರಿಗೆ ಇಲ್ಲವೆಂದ ಹಕ್ಕು ಮೈಸೂರಿಗೆ ಸಿಕ್ಕಿತು. ನಡುವೆ ಇದ್ದುದು 43 ವರ್ಷ.

ಕಪಾಟಿನ ಕ್ರಮ

ಇಷ್ಟನ್ನೂ ಮೂಲದಲ್ಲಿ ಓದಬೇಕೆನ್ನುವವರು ಕಾನೂನು ಗ್ರಂಥಾಲಯದ ಕ್ರಮವನ್ನು ತಿಳಿಯಬೇಕು. ಬೇರೆ ಗ್ರಂಥಾಲಯಗಳಲ್ಲಿ ಲೇಖಕನ ಹೆಸರಿನಿಂದ ಪುಸ್ತಕ ಹುಡುಕುತ್ತೇವೆ. ಇಲ್ಲಿ ತೀರ್ಪನ್ನು ಹುಡುಕುವುದು ಅದರ ವಿಳಾಸದಿಂದ. ‘ಎ.ಐ.ಆರ್. 1954 ಎಸ್.ಸಿ. 379’ ಎಂದರೆ ಆಲ್ ಇಂಡಿಯಾ ರಿಪೋರ್ಟರ್‌ನ 1954ರ ಸಂಪುಟ, ಸುಪ್ರೀಂ ಕೋರ್ಟ್ ಭಾಗ, 379ನೆಯ ಪುಟ. ಅಲ್ಲಿರುವುದು ಶ್ರೀನಿವಾಸ ಕೃಷ್ಣರಾವ್ ಕಾಂಗೋ ಮತ್ತು ನಾರಾಯಣ ದೇವಜಿ ಕಾಂಗೋ ನಡುವಿನ ತೀರ್ಪು. ಗಂಡ ಸತ್ತು ಎಷ್ಟೋ ವರ್ಷಗಳ ಮೇಲೆ ವಿಧವೆ ದತ್ತಕ ತೆಗೆದುಕೊಂಡರೆ, ಆ ನಡುವೆ ಬೇರೆಯವರ ಪಾಲಾದ ಆಸ್ತಿಯಲ್ಲಿ ಎಷ್ಟನ್ನು ದತ್ತಕ ಪುತ್ರ ಹಿಂದಕ್ಕೆ ಕೇಳಬಹುದು ಎಂಬ ಪ್ರಶ್ನೆಯನ್ನು ಅದು ಚರ್ಚಿಸುತ್ತದೆ. ಎಷ್ಟೋ ವತನದಾರ ಮನೆತನಗಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದ ಪ್ರಶ್ನೆಯಿದು.

ಇಂಡಿಯನ್ ಲಾ ರಿಪೋರ್ಟ್ಸ್ ಮಾಲೆ 1876ರಲ್ಲಿ ಆರಂಭವಾಯಿತು. ಅದಕ್ಕಿಂತ ಹಿಂದಿನ ತೀರ್ಪುಗಳಿಗೆ ಬಾಂಬೆ ಹೈಕೋರ್ಟ್ ರಿಪೋರ್ಟ್ಸ್ ಸಂಪುಟಗಳಿವೆ. ಅದಕ್ಕೂ ಹಿಂದೆ, ಸದರ ಅದಾಲತ್ತಿನ ಕಾಲಕ್ಕೆ, ಬೊರಡೇಲ್ ಸಂಗ್ರಹಿಸಿದ ವರದಿಗಳಿವೆ. ಪ್ರಿವಿ ಕೌನ್ಸಿಲ್ ತೀರ್ಪುಗಳಿಗೆ ಮೂರ್ ಸಂಪಾದಿಸಿದ ಇಂಡಿಯನ್ ಅಪೀಲ್ಸ್ ಇದೆ. ಎಲ್ಫಿನ್‌ಸ್ಟನ್ನನ ಕಾಲದಲ್ಲಿ ಆರ್ಥರ್ ಸ್ಟೀಲ್ ದಖನ್ನಿನ ಜಾತಿಗಳ ರೂಢಿಗಳನ್ನು ಕೇಳಿ ಬರೆದುಕೊಂಡ ಸಂಗ್ರಹ 1827ರದು. ವೆಸ್ಟ್ ಮತ್ತು ಬ್ಯೂಲರ್ 1867ರಿಂದ ಪ್ರಕಟಿಸಿದ ಹಿಂದೂ ಕಾನೂನಿನ ಸಂಗ್ರಹವಂತೂ ವಿಶೇಷವಾದದ್ದು. ಆಗ ಕೋರ್ಟುಗಳಲ್ಲಿ ಶಾಸ್ತ್ರಿಗಳ ನೇಮಕವಿತ್ತು. ನ್ಯಾಯಾಧೀಶರು ಕೇಳಿದ ಪ್ರಶ್ನೆ, ಶಾಸ್ತ್ರಿಗಳು ಕೊಟ್ಟ ಉತ್ತರ ಎರಡನ್ನೂ ಊರು ಮತ್ತು ತಾರೀಖಿನ ಸಮೇತ ಅದರಲ್ಲಿ ಮುದ್ರಿಸಲಾಗಿದೆ. ಧಾರವಾಡದ ಶಾಸ್ತ್ರಿಗಳ ಉತ್ತರಗಳೂ ಅಲ್ಲಿವೆ.

ಹುಬ್ಬಳ್ಳಿ, ಬೆಳಗಾವಿಯ ಗ್ರಂಥಾಲಯಗಳಿಗೆ ಬಾಂಬೆಯ ಹಳೆಯ ಸಂಪುಟಗಳು ಏಕೆ ಬೇಕು ಎಂದು ಕೇಳಬಹುದು. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಪ್ರಕಾರ, ಹೊಸ ಶಾಸಕಾಂಗ ಬದಲಿಸುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನುಗಳೇ ಅಲ್ಲಿ ಮುಂದುವರಿದವು. ವತನಗಳ ಬಗೆಗಿನ 1874ರ ಬಾಂಬೆ ಕಾಯಿದೆ, ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿದ 1950ರ ಬಾಂಬೆ ಕಾಯಿದೆ ಇಲ್ಲದೆ ಬೈಲಹೊಂಗಲದ ಒಂದು ಹಳೆಯ ಜಮೀನಿನ ಚರಿತ್ರೆಯನ್ನು ತಿಳಿಯಲಾಗದು.

ಊರಿನ ಹೆಸರೇ ಬೇರೆ

ಹುಡುಕುವವರು ಎಡವುವುದು ಹೆಸರುಗಳಲ್ಲಿ. ಹಳೆಯ ಕಾಗದಗಳಲ್ಲಿ ಸವದತ್ತಿ ತಾಲ್ಲೂಕು ಸಿಗುವುದಿಲ್ಲ, ಪರಸಗಡ ತಾಲ್ಲೂಕು ಸಿಗುತ್ತದೆ. ಬೈಲಹೊಂಗಲ ತಾಲ್ಲೂಕನ್ನು ಸಂಪಗಾಂವ ಎಂದು ಬರೆಯುತ್ತಿದ್ದರು. ಬೆಳಗಾವಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1836ರಲ್ಲಿ. ಹೀಗಾಗಿ 1824ರ ಕಿತ್ತೂರಿನ ಕಾಗದಗಳನ್ನು ಬೆಳಗಾವಿಯ ಹೆಸರಿನಲ್ಲಿ ಹುಡುಕಿದರೆ ಫಲವಿಲ್ಲ. ಅವನ್ನು ಧಾರವಾಡದ ಹೆಸರಿನಲ್ಲಿ ಅಥವಾ ‘ದಕ್ಷಿಣ ಮರಾಠಾ ದೇಶ’ದ ಇಂಗ್ಲಿಷ್ ಹೆಸರಿನಲ್ಲಿ ಹುಡುಕಬೇಕು. ಇಂಗ್ಲಿಷಿನಲ್ಲಿ ಕಿತ್ತೂರಿಗೂ ರಾಮದುರ್ಗಕ್ಕೂ ಒಂದೊಂದು ಕಡೆ ಒಂದೊಂದು ಕಾಗುಣಿತ. ಗಣಕಯಂತ್ರ ಕೊಟ್ಟ ಅಕ್ಷರಗಳನ್ನಷ್ಟೇ ಹುಡುಕುತ್ತದೆ, ಊರನ್ನು ಗುರುತಿಸುವುದಿಲ್ಲ.

ರಾಮದುರ್ಗದ ಮಾತು ಇನ್ನೂ ಬೇರೆ. ಅದು 1948ರ ಮಾರ್ಚ್ 8ರಂದು ಬಾಂಬೆ ಪ್ರಾಂತದಲ್ಲಿ ವಿಲೀನವಾಗುವವರೆಗೆ ಸಂಸ್ಥಾನವಾಗಿತ್ತು. ಅಲ್ಲಿಯ ಪ್ರಜೆಗಳ ವ್ಯಾಜ್ಯ ಸಂಸ್ಥಾನದ ನ್ಯಾಯಾಲಯದಲ್ಲೇ ನಡೆಯುತ್ತಿತ್ತು, ಅದು ಬಾಂಬೆ ಹೈಕೋರ್ಟಿನ ಅಧೀನದಲ್ಲಿರಲಿಲ್ಲ. ಆದ್ದರಿಂದ ಬಾಂಬೆಯ ವರದಿಗಳಲ್ಲಿ ರಾಮದುರ್ಗದ ಆ ಕಾಲದ ಮೊಕದ್ದಮೆಗಳನ್ನು ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಬಾರದು. ಸಂಸ್ಥಾನದ ದಫ್ತರಗಳನ್ನೇ ನೋಡಬೇಕು. ಪೇಶ್ವೆ ಕಾಲದಿಂದ ಬಂದ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲವರ ಸಂಖ್ಯೆ ಕಡಿಮೆಯಾಗುತ್ತಿರುವುದು ನಿಜವಾದ ಆತಂಕದ ಸಂಗತಿ. ಕಾಗದ ಉಳಿದರೂ ಓದುವವರಿಲ್ಲದಿದ್ದರೆ ಅದು ಕಳೆದುಹೋದಂತೆಯೇ.

ತೆರೆದ ಬಾಗಿಲು

ಹೊಸ ಸಂಗ್ರಹಗಳ ವಿಷಯಕ್ಕೆ ಬಂದರೆ ಸಮಾಧಾನಪಡಬೇಕಾದದ್ದು ಬಹಳವಿದೆ. ಸುಪ್ರೀಂ ಕೋರ್ಟು 2023ರ ಜನವರಿ 2ರಂದು ತನ್ನ ಅಧಿಕೃತ ವರದಿಗಳ ಗಣಕ ಆವೃತ್ತಿಯನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆಯಿತು. ಆರಂಭದಲ್ಲೇ ಅದರಲ್ಲಿ ಸುಮಾರು 34,000 ತೀರ್ಪುಗಳಿದ್ದವು. ಆಯ್ದ ತೀರ್ಪುಗಳ ಕನ್ನಡ ಅನುವಾದವೂ ಬರತೊಡಗಿದೆ. ಖಾಸಗಿ ಪ್ರಕಾಶಕರ ಪುಟಸಂಖ್ಯೆಯನ್ನೇ ನೆಚ್ಚಿಕೊಳ್ಳದಂತೆ ಪ್ರತಿ ತೀರ್ಪಿಗೂ ನ್ಯಾಯಾಲಯವೇ ಸ್ವತಂತ್ರ ಸಂಖ್ಯೆ ಕೊಡುವ ಪದ್ಧತಿಯೂ ಅದೇ ವರ್ಷ ಆರಂಭವಾಯಿತು. ಕರ್ನಾಟಕ ಹೈಕೋರ್ಟಿನ ಇಂಥ ಸಂಖ್ಯೆಯಲ್ಲಿ ‘ಡಿ’ ಅಕ್ಷರ ಕಂಡರೆ ಅದು ಧಾರವಾಡ ಪೀಠದ ತೀರ್ಪೆಂದು ತಿಳಿಯಬಹುದು. ಬೆಳಗಾವಿ ಜಿಲ್ಲೆಯ ಮೇಲ್ಮನವಿಗಳು ಬರುವುದು ಅಲ್ಲಿಗೇ.

ಪ್ರಿವಿ ಕೌನ್ಸಿಲಿನ ಹಳೆಯ ತೀರ್ಪುಗಳನ್ನು ಲಂಡನ್ನಿನ ಸಂಸ್ಥೆಗಳು ಗಣಕಕ್ಕೆ ಏರಿಸಿ ಉಚಿತವಾಗಿ ಒದಗಿಸಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಸೂಚಿಯನ್ನು ‘ಅಭಿಲೇಖ ಪಟಲ’ದ ಮೂಲಕ ಮನೆಯಲ್ಲೇ ನೋಡಬಹುದು. 1884ರ ಬೆಳಗಾವಿ ಗ್ಯಾಜೆಟಿಯರ್ ಕೂಡ ಗಣಕದಲ್ಲಿ ಲಭ್ಯ. ಇವಲ್ಲದೆ ಹಣ ಕೊಟ್ಟು ಪಡೆಯುವ ಮನುಪಾತ್ರ, ಎಸ್.ಸಿ.ಸಿ. ಆನ್‌ಲೈನ್ ಮುಂತಾದ ಸಂಗ್ರಹಗಳಿವೆ. ಇವುಗಳ ಚಂದಾ ಒಬ್ಬ ವಿದ್ಯಾರ್ಥಿಗೆ ಭಾರವಾಗುವಂಥದು. ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದೇ ಆ ಭಾರವನ್ನು ಹಂಚಿಕೊಳ್ಳಲು.

ತೀರ್ಪಿನ ಮೇಲೆ ಹಕ್ಕುಸ್ವಾಮ್ಯ ಯಾರದು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋಡಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಪ್ರಕಾಶಕರು ಸ್ವಂತ ಪರಿಶ್ರಮದಿಂದ ಬರೆದ ಸಾರಾಂಶ ಮುಂತಾದವು ಅವರವು, ತೀರ್ಪಿನ ಮೂಲಪಾಠ ಎಲ್ಲರದು.

ಕಪಾಟಿನಲ್ಲಿ ಕಾಣದ ಹೆಂಗಸರು

ಅರಮನೆಯ ದತ್ತಕ ಯುದ್ಧಕ್ಕೆ ಕಾರಣವಾಯಿತು. ಬಡ ಹೆಂಗಸರ ದತ್ತಕದ ಕಥೆ ಬೇರೆ. 1880ರಲ್ಲಿ ಮಥುರಾ ನಾಯ್ಕಿಣ ಮತ್ತು ಏಸು ನಾಯ್ಕಿಣ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ನಾಯ್ಕಿಣಿಯರು ಹೆಣ್ಣುಮಗುವನ್ನು ದತ್ತಕ ತೆಗೆದುಕೊಳ್ಳುವ ರೂಢಿಯನ್ನು ಕಾನೂನು ಒಪ್ಪದೆಂದಿತು. ಮದರಾಸು ಹೈಕೋರ್ಟು ಕೆಲವು ಸಂದರ್ಭಗಳಲ್ಲಿ ಒಪ್ಪಿತು. ಈ ತೀರ್ಪಿಗೆ ಎರಡು ಮುಖ. ಎಳೆಯ ಹುಡುಗಿಯರನ್ನು ಆ ವೃತ್ತಿಗೆ ತರುವ ದಾರಿಯನ್ನು ಅದು ಮುಚ್ಚಬಯಸಿತು. ಜೊತೆಗೆ ಹಾಗೆ ಬೆಳೆದ ಹೆಣ್ಣುಮಕ್ಕಳಿಗೆ ಸಾಕಿದವಳ ಮನೆಯ ಮೇಲಿನ ಹಕ್ಕನ್ನೂ ಇಲ್ಲವಾಗಿಸಿತು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಈ ಚರಿತ್ರೆಯ ನೆರಳಿದೆ. ದೇವದಾಸಿ ಪದ್ಧತಿಯ ವಿರುದ್ಧ ಬಾಂಬೆ ಪ್ರಾಂತ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯಿದೆ ಮಾಡಿದವು. ಎರಡೂ ಕಾಯಿದೆಗಳ ಪಠ್ಯ ಗ್ರಂಥಾಲಯದಲ್ಲಿ ಸಿಗುತ್ತದೆ. ಆ ಕಾಯಿದೆಗಳು ಯಾರಿಗಾಗಿ ಆದವೋ ಆ ಹೆಂಗಸರ ಮಾತು ಮಾತ್ರ ವರದಿಗಳಲ್ಲಿ ಅಪರೂಪ. ಕೋರ್ಟಿನವರೆಗೆ ಹೋಗಲಾರದವರ ದನಿ ಕಾನೂನು ವರದಿಗೆ ಸೇರುವುದಿಲ್ಲ. ಹೊಸ ಸಂಗ್ರಹಗಳನ್ನು ಕಟ್ಟುವವರು ಈ ಕೊರತೆಯನ್ನು ಮರೆಯಬಾರದು.

ಇಂದಿನ ಕಾನೂನು

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹಳೆಯ ನಾಲ್ಕು ಮತಗಳ ಜಗಳಕ್ಕೆ ತೆರೆ ಎಳೆಯಿತು. ವಿಧವೆ ತನಗಾಗಿಯೇ, ತನ್ನ ಹಕ್ಕಿನಿಂದಲೇ ದತ್ತಕ ತೆಗೆದುಕೊಳ್ಳಬಹುದು. ಗಂಡುಮಗುವನ್ನಷ್ಟೇ ಅಲ್ಲ, ಹೆಣ್ಣುಮಗುವನ್ನೂ ತೆಗೆದುಕೊಳ್ಳಬಹುದು. 2010ರ ತಿದ್ದುಪಡಿಯ ನಂತರ ವಿವಾಹಿತ ಮಹಿಳೆಯೂ ಗಂಡನ ಸಮ್ಮತಿಯಿಂದ ದತ್ತಕ ಪಡೆಯಬಹುದು. ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳುವುದು ಅಗತ್ಯ, ದತ್ತಹೋಮ ಕಡ್ಡಾಯವಲ್ಲ. ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿದ ನೋಂದಾಯಿತ ಪತ್ರವಿದ್ದರೆ, ಸುಳ್ಳೆಂದು ಸಾಬೀತಾಗುವವರೆಗೆ ದತ್ತಕ ಕಾನೂನುಬದ್ಧವಾಗಿ ನಡೆದಿದೆಯೆಂದೇ ನ್ಯಾಯಾಲಯ ಭಾವಿಸಬೇಕು. ಅಂದರೆ ಸಹಿಯನ್ನು ಸಂಶಯಿಸುವವನೇ ಈಗ ಸಾಕ್ಷಿ ತರಬೇಕು. ಸಂಶಯಪಟ್ಟಾಕ್ಷಣ ಖಜಾನೆಗೆ ಬೀಗ ಹಾಕುವಂತಿಲ್ಲ.

ಕಿತ್ತೂರಿನ ಬಗ್ಗೆ ಇಂದಿಗೂ ಸಿಗುವ ಕಾಗದಗಳಲ್ಲಿ ದೊಡ್ಡ ಪಾಲು ಗೆದ್ದವರು ಬರೆದದ್ದು. ಅವರ ಕಾಗದವನ್ನು ಅವರದೇ ಕಾಲದ ಶಾಸ್ತ್ರಿಗಳ ಉತ್ತರ, ನಂತರದ ಕೋರ್ಟುಗಳ ತೀರ್ಪು, ಮನೆತನಗಳ ಮೋಡಿ ಪತ್ರಗಳ ಪಕ್ಕದಲ್ಲಿಟ್ಟು ಓದಿದಾಗಲೇ ವಾದದ ಎರಡೂ ಕಡೆ ಕಾಣುತ್ತವೆ. ಆ ಕೆಲಸಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಈಗ ಕೈಗೆಟಕುವಂತಿದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳೆಯ ವಾಡೆಗಳ ಅಟ್ಟದಲ್ಲಿ ಇನ್ನೂ ಗಂಟುಕಟ್ಟಿಟ್ಟ ಕಾಗದಗಳಿದ್ದರೆ, ಗೆದ್ದಲು ಹತ್ತುವ ಮುನ್ನ ಅವನ್ನೂ ಬಿಚ್ಚಿ ನೋಡಬೇಕು.